ಕ್ಯಾಜ್ ಮ್ರೋಜ್‌ನ ಭರ್ಜರಿ ಸುದ್ದಿ

ಬಫಲೊದ ಆಮ್ಹರ್ಸ್ಟ್ ಸ್ಟ್ರೀಟಿನಲ್ಲಿ ಕ್ಯಾಜ್ ಮ್ರೋಜ್‌ನ ಪೇಪರ್ ಅಂಗಡಿ ಗೊತ್ತಿಲ್ಲದವರು ಯಾರಿದ್ದರು? ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ತಾಗುವಂಥ ಜಾಗದಲ್ಲಿ ಒಂದು ತಂತಿಯ ಸ್ಟ್ಯಾಂಡು. ತಲೆಯಲ್ಲಿ ಬುದ್ಧಿ ಇರುವ ಯಾವ ಅಂಗಡಿಯವನಾದರೂ ಅಲ್ಲಿ ಚೂಯಿಂಗ್ ಗಮ್ ಇಡುತ್ತಾನೆ, ಇಲ್ಲವೇ ಲಾಟರಿ ಟಿಕೆಟ್ ಇಡುತ್ತಾನೆ. ನಮ್ಮ ಕ್ಯಾಜ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಕಾಮಿಕ್ಸು ಇಟ್ಟಿದ್ದ. ಅದೂ ಎರಡು ತಿಂಗಳು ಹಳೆಯದು.

ಕಾಮಿಕ್ಸಿನ ಹೆಸರು ‘ವಾಬಲ್’. ಅಮೆರಿಕದ ಕಾಮಿಕ್ಸಿನ ಪಕ್ಕ ಇಟ್ಟರೆ ಅಳತೆಯಲ್ಲಿ ಮೇಜಿನ ಬಟ್ಟೆ, ಕಾಗದದಲ್ಲಿ ಮೀನು ಕಟ್ಟುವ ರದ್ದಿ. ಬಣ್ಣ ಮುಖಪುಟಕ್ಕೆ ಮಾತ್ರ. ಒಳಗೆ ಹಾರುವ ವೀರ ಒಬ್ಬನೂ ಇಲ್ಲ, ಊರು ಉಳಿಸುವವನು ಒಬ್ಬನೂ ಇಲ್ಲ. ಇರುವುದು ಪ್ರೂನ್ ಮೇಷ್ಟ್ರು ಎಂಬ ಒಬ್ಬ ಒಣಕಲು ಮುದುಕ, ಅವನ ಬಾಯಲ್ಲಿ ಒಂದು ಕಟ್ಟಿಸಿದ ಹಲ್ಲಿನ ಸೆಟ್ಟು. ಆ ಸೆಟ್ಟಿಗೆ ಮೇಷ್ಟ್ರ ಬಾಯಲ್ಲಿ ಕೂತಿರುವುದು ಸುತರಾಂ ಇಷ್ಟವಿಲ್ಲ. ವಾರವಾರವೂ ಅದು ಬಾಯಿಂದ ಜಿಗಿದು ಪರಾರಿಯಾಗುತ್ತದೆ, ದಾರಿಯಲ್ಲಿ ಮೇಯರ್ ಸಾಹೇಬರ ಕುಂಡಿ ಕಚ್ಚುತ್ತದೆ, ಮೇಷ್ಟ್ರು ಬೊಚ್ಚುಬಾಯಲ್ಲಿ ಕೂಗಾಡುತ್ತಾ ಬೆನ್ನಟ್ಟುತ್ತಾರೆ. ಕೊನೆಗೆ ಸೆಟ್ಟು ಸಿಕ್ಕಿಬೀಳುತ್ತದೆ. ಕೊನೆಯ ಚಿತ್ರದಲ್ಲಿ ಪ್ರತಿ ಸಲವೂ ಅದೇ ಊಟ: ಗುಡ್ಡದ ಹಾಗೆ ಪೇರಿಸಿದ ಹಿಸುಕಿದ ಆಲೂಗಡ್ಡೆ, ಅದರ ತುಂಬ ಬೇಲಿಗೂಟ ನೆಟ್ಟ ಹಾಗೆ ನೆಟ್ಟ ಸಾಸೇಜುಗಳು.

“ಲೋ ಕ್ಯಾಜ್, ಹಲ್ಲು ಓಡೋಗುತ್ತೆ, ಸಿಗುತ್ತೆ, ಊಟ ಮಾಡ್ತಾನೆ. ಹೋದ ವಾರಾನೂ ಇದೇ ಆಯ್ತಲ್ಲೋ,” ಅನ್ನುತ್ತಿದ್ದ ಚೆಟ್ ಜೂರೆಕ್. ಚೆಟ್ ಉಕ್ಕಿನ ಕಾರ್ಖಾನೆಯಲ್ಲಿದ್ದವನು, ಕಾರ್ಖಾನೆ ಮನೆಗೆ ಕಳಿಸಿದ ಮೇಲೆ ಅಂಗಡಿಗಳ ಬೋರ್ಡು ಬರೆದುಕೊಂಡಿದ್ದ. ದಿನಾ ಬೆಳಿಗ್ಗೆ ಅಂಗಡಿಗೆ ಬಂದು, ಪೇಪರನ್ನು ಕೊಳ್ಳದೆ ಓದಿ, ಕ್ಯಾಜ್‌ಗೆ ನಾಲ್ಕು ಮಾತು ಅಂದು ಹೋಗದಿದ್ದರೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ.

“ಹೋದ ವಾರ ಮೇಯರು. ಈ ವಾರ ಬಿಷಪ್ಪು,” ಅನ್ನುತ್ತಿದ್ದ ಕ್ಯಾಜ್.

“ಕುಂಡಿ ಕುಂಡಿನೇ ಅಲ್ವೇನೋ?”

“ನಿನಗೆ ಕಲೆ ಅರ್ಥ ಆಗಲ್ಲ, ಬಿಡು.”

ಕಾಮಿಕ್ಸ್ ಕೂಡಿಡುವ ಖಯಾಲಿಯವರು ಯಾವಾಗಲಾದರೊಮ್ಮೆ ಬರುತ್ತಿದ್ದರು. ವಾಬಲ್ ಅವರ ಪ್ಲಾಸ್ಟಿಕ್ ಚೀಲದೊಳಗೆ ತೂರುತ್ತಿರಲಿಲ್ಲ. ಮಡಚಿದರೆ ತೂರುತ್ತಿತ್ತು, ಮಡಚಿದರೆ ಅವರಿಗೆ ಬೇಡ. ಮುಖ ಸಿಂಡರಿಸಿಕೊಂಡು ವಾಪಸ್ ಇಟ್ಟು ಹೋಗುತ್ತಿದ್ದರು. ಕ್ಯಾಜ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಓದಿ ನಗೋಕೆ ಇರೋದನ್ನ ಚೀಲಕ್ಕೆ ಹಾಕಿ ಹೂಳ್ತಾರಲ್ಲ, ಇವರಿಗೇನು ದೊಡ್ಡರೋಗ ಅಂತ ಅವರು ಹೋದ ಮೇಲೆ ಬಾಗಿಲಿಗೆ ಬೈಯುತ್ತಿದ್ದ.

ಅವನಿಗೆ ಈ ಹುಚ್ಚು ಹಿಡಿದದ್ದು ಯುದ್ಧದಲ್ಲಿ. ಲ್ಯಾಂಕಾಷೈರಿನ ಒಂದು ಆಸ್ಪತ್ರೆಯಲ್ಲಿ ಅಮೆರಿಕದ ಸೈನಿಕರು ಸಾಲಾಗಿ ಮಲಗಿದ್ದರು. ಒಬ್ಬನ ತೊಡೆಗೆ ಗುಂಡು, ಇನ್ನೊಬ್ಬನ ಭುಜಕ್ಕೆ ಬಾಂಬಿನ ಚೂರು. ನಮ್ಮ ಕ್ಯಾಜ್‌ಗೆ ಅಂಚೆ ಡಬ್ಬಿ. ವಿಮಾನಗಳ ಭಯಕ್ಕೆ ದೀಪ ಆರಿಸಿದ ಊರಿನಲ್ಲಿ ಬಸ್ಸು ಹಿಡಿಯಲು ಓಡಿ, ರಸ್ತೆ ಬದಿಯ ಕಬ್ಬಿಣದ ಕೆಂಪು ಅಂಚೆ ಡಬ್ಬಿಗೆ ಬಾಯಿ ಕೊಟ್ಟಿದ್ದ. ಮೇಲಿನ ಸಾಲಿನ ಹಲ್ಲೆಲ್ಲ ಅಲ್ಲೇ ಉದುರಿದವು. “ನಿನಗೆಲ್ಲಿ ಪೆಟ್ಟಾಯ್ತು, ಯಾವ ಯುದ್ಧದಲ್ಲಿ?” ಅಂತ ಪಕ್ಕದ ಹಾಸಿಗೆಯವರು ಕೇಳಿದರೆ ಏನಂತ ಹೇಳುವುದು? ಅವನು ಬಾಯಿ ಬಿಡುವುದನ್ನೇ ನಿಲ್ಲಿಸಿದ. ಮಾತಿಲ್ಲ, ನಗುವಿಲ್ಲ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಊರಲ್ಲಿ ಬರ್ನಿಸ್ ಎಂಬ ಹುಡುಗಿ ಕಾಯುತ್ತಿದ್ದಳು. ಅವಳು ಈ ಬೊಚ್ಚುಬಾಯನ್ನು ಮದುವೆಯಾಗುತ್ತಾಳಾ ಅಂತ ಒಳಗೊಳಗೇ ಕೊರಗಿ ಸೊರಗಿದ.

ವಾರ್ಡಿಗೆ ಚಹಾದ ಗಾಡಿ ತಳ್ಳಿಕೊಂಡು ಬರುತ್ತಿದ್ದ ಹುಡುಗಿ ಡೊರೀನ್. ಓಲ್ಡಮ್ ಊರಿನವಳು, ಎಲ್ಲರನ್ನೂ ಚಿನ್ನ ಅನ್ನುವವಳು. ಒಂದು ದಿನ ಅವಳು ಕ್ಯಾಜ್‌ನ ಹೊಟ್ಟೆ ಮೇಲೆ ಒಂದು ವಾಬಲ್ ಎಸೆದಳು. “ತಗೋ ಚಿನ್ನ. ನಿನ್ನ ಹಲ್ಲು ಎಲ್ಲಿಗೆ ಹೋಯ್ತು ಅಂತ ಇದರಲ್ಲಿ ಹಾಕಿದಾರೆ ನೋಡು.”

ಕ್ಯಾಜ್ ನೋಡಿದ. ಹಲ್ಲಿನ ಸೆಟ್ಟು ಒಬ್ಬ ಸೇನಾಧಿಪತಿಯ ಕುಂಡಿಗೆ ಜೋತುಬಿದ್ದಿತ್ತು. ಮೊದಲು ಮೂಗಿನಲ್ಲಿ ಗೊರ್ ಅಂದ. ಆಮೇಲೆ ಕೈ ಜಾರಿತು, ಬಾಯಿ ತೆರೆಯಿತು, ಬೊಚ್ಚುಬಾಯಿ ಪೂರಾ ಬಿಟ್ಟುಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕ. ಅವನನ್ನು ನೋಡಿ ಇಡೀ ವಾರ್ಡು ನಕ್ಕಿತು. ತೊಡೆಗೆ ಗುಂಡು ತಗುಲಿದವನ ಹೊಲಿಗೆ ಬಿಚ್ಚಿಹೋಗಿ ದಾದಿ ಬೈದಳು. ಅವತ್ತಿನಿಂದ ಕ್ಯಾಜ್ ಬಾಯಿ ಮುಚ್ಚಿದ್ದಿಲ್ಲ, ಬೇಕಾದರೆ ಚೆಟ್‌ನನ್ನು ಕೇಳಿ. ಡೊರೀನ್ ಪಕ್ಕದ ಹಾಸಿಗೆಯ ಎಡ್ಡಿ ನೊವಾಕನನ್ನು ಮದುವೆಯಾಗಿ ಬಫಲೊಗೆ, ಇದೇ ಬೀದಿಗೆ ಬಂದಳು. ಕ್ಯಾಜ್‌ಗೆ ಸೈನ್ಯದವರು ಒಂದು ಹಲ್ಲಿನ ಸೆಟ್ಟು ಕೊಟ್ಟರು. ಯಾರ ಬಾಯಿಯ ಅಳತೆ ತೆಗೆದು ಮಾಡಿದ್ದೋ ಏನೋ, ಜೋರಾಗಿ ನಕ್ಕರೆ ಅದು ಸಡಿಲವಾಗಿ ಮುಂದಕ್ಕೆ ಬರುತ್ತಿತ್ತು. ಬರ್ನಿಸ್ ಮದುವೆಯಾದಳು. ಹಲ್ಲಿನ ಬಗ್ಗೆ ಅವಳು ಒಂದೇ ಮಾತು ಅಂದಿದ್ದು: “ಊಟದ ಮೇಜಿನ ಮೇಲೆ ಇಡಬೇಡ.”

ಆ ಋಣಕ್ಕೇ ಅನ್ನಿ, ನಲವತ್ತು ವರ್ಷದ ಹತ್ತಿರ ಕ್ಯಾಜ್ ವಾಬಲ್ ತಂದ. ಸೇತುವೆ ದಾಟಿದರೆ ಕೆನಡಾ, ಅಲ್ಲಿ ಫೋರ್ಟ್ ಈರಿಯಲ್ಲಿ ಒಬ್ಬ ಪೇಪರ್ ಮಾರುವ ಮುದುಕನಿಗೆ ಇಂಗ್ಲೆಂಡಿನ ಕಟ್ಟು ಬರುತ್ತಿತ್ತು. ಶನಿವಾರ ಶನಿವಾರ ಕ್ಯಾಜ್ ತನ್ನ ಡಬ್ಬಾ ವ್ಯಾನಿನಲ್ಲಿ ಹೋಗಿ ತರುತ್ತಿದ್ದ. ವಾಪಸ್ ಬರುವಾಗ ಅಮೆರಿಕದ ಕಸ್ಟಮ್ಸಿನವರು ತಡೆಯುತ್ತಿದ್ದರು. ಅಲ್ಲಿ ಟೂಲಿ ಎಂಬ ಒಬ್ಬ ಅಧಿಕಾರಿ, ಮೀಸೆ ದಪ್ಪ, ನಂಬಿಕೆ ಸಣ್ಣ.

“ಏನಿದು?”

“ಕಾಮಿಕ್ಸು ಸಾರ್.”

“ಇಷ್ಟು ದೊಡ್ಡದಾ? ಮೇಲೆ ಅಂಟಿಸಿರೋದು ಏನು?”

ಇಂಗ್ಲೆಂಡಿನ ಕಾಮಿಕ್ಸಿನ ಮೇಲೆ ಒಮ್ಮೊಮ್ಮೆ ಪುಕ್ಕಟೆ ಆಟಿಕೆ ಅಂಟಿಸಿರುತ್ತಾರೆ. ಆ ವಾರ ಮಡಚಿದ ರಟ್ಟಿನ ತ್ರಿಕೋನ. ಮೇಲೆತ್ತಿ ಬೀಸಿದರೆ ಒಳಗಿನ ಕಾಗದ ಹೊರಕ್ಕೆ ಚಿಮ್ಮಿ ಸದ್ದು ಮಾಡುತ್ತದೆ, ಅಷ್ಟೇ. ಕ್ಯಾಜ್ ಅದನ್ನೇ ಹೇಳಿದ. ಟೂಲಿ ನಂಬಲಿಲ್ಲ. ತಾನೇ ಎತ್ತಿ ಬಲವಾಗಿ ಬೀಸಿದ. ಢಮ್ ಅಂತು. ಅಕ್ಕಪಕ್ಕದ ಅಧಿಕಾರಿಗಳೆಲ್ಲ ನೆಲಕ್ಕೆ ಬಿದ್ದರು, ಒಬ್ಬ ಮೇಜಿನಡಿ ತೂರಿಕೊಂಡು ಪ್ರಾರ್ಥನೆ ಶುರು ಮಾಡಿದ, ಹಿಂದಿನ ಕಾರಿನಲ್ಲಿದ್ದ ಹೆಂಗಸು ಎರಡೂ ಕೈ ಮೇಲೆತ್ತಿದಳು. ಟೂಲಿ ಮೀಸೆ ನೇವರಿಸಿಕೊಂಡು ನಿಧಾನಕ್ಕೆ ಕೇಳಿದ, “ಇದು ಇನ್ನೊಂದು ಇದೆಯಾ?” ಅವತ್ತಿನಿಂದ ಅವನು ವಾಬಲ್‌ನ ಖಾಯಂ ಗಿರಾಕಿ. ಹಾಗೆ ಒಬ್ಬೊಬ್ಬರನ್ನೇ ಹೆದರಿಸಿ, ಪುಸಲಾಯಿಸಿ ಕ್ಯಾಜ್ ಬೀದಿಗೊಬ್ಬ ಓದುಗನನ್ನು ಸಂಪಾದಿಸಿದ್ದ. ಸ್ಟ್ಯಾಂಡು ಮಾತ್ರ ಯಾವತ್ತೂ ತುಂಬಿಯೇ ಇರುತ್ತಿತ್ತು.

ಬರ್ನಿಸ್ ತಾಳ್ಮೆಯ ಹೆಂಗಸು, ಆದರೆ ಕಲ್ಲೇನಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಶುರುವಾದ ವಾರ ಅವಳು ಅಂಗಡಿಗೆ ಬಂದು ಸ್ಟ್ಯಾಂಡಿನ ಮುಂದೆ ನಿಂತಳು.

“ಕಾಜಿಮ್ಯೆಶ್.”

ಪೂರ್ತಿ ಹೆಸರು ಹಿಡಿದು ಕರೆದಳು ಅಂದರೆ ಮಂಗಳಾರತಿ ಗ್ಯಾರಂಟಿ. ಕ್ಯಾಜ್ ಕೈಯಲ್ಲಿದ್ದ ವಾಬಲನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ಚರ್ಚಿನ ನೆಲಮಾಳಿಗೇಲಿ ಊರವರಿಗೆಲ್ಲ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬೇಯಿಸಿ ನನಗೆ ಸಾಕಾಗಿದೆ. ಒಂದು ತಟ್ಟೆ ಪಿರೋಗಿಗೆ ಜನ ಮೆಟ್ಟಿಲ ತನಕ ಸಾಲು ನಿಲ್ತಾರೆ. ಆ ಸಾಲು ನಮ್ಮಂಗಡೀಲಿ ನಿಲ್ಲಲಿ. ಈ ಸ್ಟ್ಯಾಂಡ್ ತೆಗಿ. ಇಲ್ಲಿ ನನ್ನ ಕೌಂಟರ್ ಬರಬೇಕು.”

“ಕಾಮಿಕ್ಸು?”

“ನಮ್ಮ ನೆಲಮಾಳಿಗೆಗೆ.”

“ಅಲ್ಲಿ ಬಾಯ್ಲರ್ ಸೋರುತ್ತಲ್ಲೇ.”

“ಅದಕ್ಕೇ ಹೇಳಿದ್ದು.”

ಕ್ಯಾಜ್ ಅಂಗಲಾಚಿದ. ಬರ್ನಿಸ್ ಕಡೆಗೆ ಒಂದು ಷರತ್ತು ಹಾಕಿದಳು. “ಈಸ್ಟರ್ ಸೋಮವಾರ ಮುಗಿಯೋದ್ರೊಳಗೆ ಈ ಸ್ಟ್ಯಾಂಡು ಒಂದೇ ಒಂದು ಸಲ ಖಾಲಿ ಆಗಿದ್ದನ್ನ ನಾನು ಕಣ್ಣಾರೆ ನೋಡಬೇಕು. ನೋಡಿದ್ರೆ ಇರಲಿ, ಸಾಯೋ ತನಕ ಇರಲಿ, ನಾನು ತುಟಿ ಬಿಚ್ಚಲ್ಲ. ಇಲ್ಲಾಂದ್ರೆ ಮಂಗಳವಾರ ಬೆಳಿಗ್ಗೆ ಬಡಗಿ ಬರ್ತಾನೆ.”

“ಕ್ಯಾಜ್, ನೀನೇ ಕೊಂಡು ಬಿಸಾಕಬಾರದು ಮತ್ತೆ,” ಅಂದ ಚೆಟ್ ಪೇಪರಿನ ಹಿಂದಿನಿಂದ.

“ನನ್ನ ಅಂಗಡೀಲಿ ನಾನೇ ಕೊಳ್ತೀನೇನೋ?”

“ಮಾರಾಟ ಆಗೋಕೆ ಇನ್ನೇನು ದಾರಿ ಇದೆ, ನೀನೇ ಹೇಳು.”

ಪಾಪ, ಕ್ಯಾಜ್ ಏನೇನು ಮಾಡಿದ. ಸಿಗರೇಟ್ ಕೊಳ್ಳುವವರಿಗೆ ಪ್ರೂನ್ ಮೇಷ್ಟ್ರ ಕತೆ ಅಭಿನಯಿಸಿ ತೋರಿಸಿದ. ಹಲ್ಲಿನ ಪಾತ್ರಕ್ಕೆ ತನ್ನ ಹಲ್ಲನ್ನೇ ಬಳಸಿದ. ಗಿರಾಕಿಗಳು ಸಿಗರೇಟನ್ನೂ ಬಿಟ್ಟು ಹೋದರು. ಮನೆಯಲ್ಲಿ ಬಡಗಿ ಬಂದು ಕೌಂಟರಿನ ಅಳತೆ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. ಸೋರುವ ಬಾಯ್ಲರಿನ ಪಕ್ಕ ಪ್ರೂನ್ ಮೇಷ್ಟ್ರು ನೆನೆದು ಮುದ್ದೆಯಾಗಿ ಬಿದ್ದಿರುವುದು ಕಣ್ಣಿಗೆ ಕಟ್ಟಿ ನಿದ್ದೆ ಹತ್ತಲಿಲ್ಲ.

ಈಸ್ಟರಿಗೆ ಇನ್ನೇನು ಸ್ವಲ್ಪ ದಿನವಿದೆ ಅನ್ನುವಾಗ ಬಂದ ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ದೊಡ್ಡ ನಕ್ಷತ್ರ ಇತ್ತು. ಅದರೊಳಗೆ ದಪ್ಪಕ್ಷರದಲ್ಲಿ: ‘ಗೆಳೆಯರೇ, ಮುಂದಿನ ವಾರ ನಿಮಗೆಲ್ಲ ಭರ್ಜರಿ ಸುದ್ದಿ ಕಾದಿದೆ!’

ಕ್ಯಾಜ್ ಅದನ್ನು ಓದಿದ, ಕನ್ನಡಕ ಒರೆಸಿ ಮತ್ತೆ ಓದಿದ, ಅಂಗಡಿ ಬಾಗಿಲು ಹಾಕಿಕೊಂಡು ಬೀದಿಗಿಳಿದ. ನಲವತ್ತು ವರ್ಷದಲ್ಲಿ ವಾಬಲ್ ಇಂಥ ಮಾತು ಹೇಳಿದ್ದೇ ಇಲ್ಲ. ಏನಿರಬಹುದು? ಬೀದಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದ. ಒಳಗೂ ಬಣ್ಣ ಬರುತ್ತೆ ಅಂದ ಚೆಟ್. ಅಳತೆ ಕಡಿಮೆ ಮಾಡ್ತಾರೆ, ನನ್ನ ಡ್ರಾಯರಿನಲ್ಲಿ ಹಿಡಿಸುತ್ತೆ ಅಂದ ಟೂಲಿ. “ಸಾಸೇಜನ್ನ ಮಲಗಿಸಿ ತಿನ್ನಬೇಕು ಅಂತ ಕೊನೆಗೂ ಗೊತ್ತಾಗಿರಬೇಕು,” ಅಂದಳು ಬರ್ನಿಸ್. ಕ್ಯಾಜ್‌ಗೆ ಒಳಗೊಂದು ನಂಬಿಕೆ ಹುಟ್ಟಿತು. ಹಲ್ಲು ಅಮೆರಿಕಕ್ಕೆ ಬರುತ್ತೆ. ಯಾರು ಕಂಡರು, ಬಫಲೊಗೇ ಬರಬಹುದು. ಡೊರೀನಳನ್ನು ಕೇಳೋಣ ಅಂದರೆ ಅವಳು ಮಗಳ ಬಾಣಂತನಕ್ಕೆ ಅಂತ ರಾಚೆಸ್ಟರಿಗೆ ಹೋಗಿದ್ದಳು.

ಶನಿವಾರ ಫೋರ್ಟ್ ಈರಿಗೆ ಹೋಗಿ, ತನ್ನ ಕಟ್ಟಿನ ಜೊತೆಗೆ ಮುದುಕನ ಹತ್ತಿರ ಇದ್ದ ಎಲ್ಲವನ್ನೂ, ಹ್ಯಾಮಿಲ್ಟನ್ನಿನ ಅಂಗಡಿಗಳಿಗೆ ಹೋಗಬೇಕಾಗಿದ್ದದ್ದನ್ನೂ ಕೇಳಿದ. ಮುದುಕ ಓದುತ್ತಿದ್ದದ್ದು ಕುದುರೆ ರೇಸಿನ ಪುಟ ಮಾತ್ರ. “ಎಲ್ಲಾ ಹೊತ್ಕೊಂಡು ಹೋಗು ಮಾರಾಯ, ನನಗೂ ಜಾಗ ಆಗುತ್ತೆ,” ಅಂದ. ಪ್ರತಿ ಕಟ್ಟಿನ ಮೇಲೂ ಮುಖಪುಟ ಹೊಳೆಯುತ್ತಿತ್ತು: ‘ಒಳಗೆ ಭರ್ಜರಿ ಸುದ್ದಿ!’ ಸೇತುವೆಯ ಮೇಲೆ ಟೂಲಿ ಒಂದೇ ಒಂದು ಪುಟ ಇಣುಕಿ ನೋಡುತ್ತೇನೆ ಅಂದ.

“ಸೋಮವಾರ ಎಲ್ಲರ ಜೊತೆ ನೋಡು.”

“ನಾನು ಕಸ್ಟಮ್ಸಿನವನು ಕಣಯ್ಯ. ನೋಡೋ ಅಧಿಕಾರ ಇದೆ.”

“ನೋಡಿದ್ರೆ ಮುಂದಿನ ಢಮ್ ಸಿಗಲ್ಲ.”

ಟೂಲಿ ಗೇಟು ಎತ್ತಿದ.

ಈಸ್ಟರ್ ಸೋಮವಾರ ನಮ್ಮ ಪೋಲಿಷ್ ಜನಕ್ಕೆ ಡಿಂಗಸ್. ಗಂಡಸರು ಹೆಂಗಸರ ಮೇಲೆ ನೀರೆರಚುವುದು, ಹೆಂಗಸರು ಮೊಗ್ಗಿನ ಕಡ್ಡಿ ಹಿಡಿದು ಗಂಡಸರ ಮೊಣಕಾಲಿಗೆ ಬಾರಿಸುವುದು, ಅಕಾರ್ಡಿಯನ್ನು, ಕುಣಿತ, ಕುಡಿತ. ಆ ವರ್ಷ ಡಿಂಗಸ್ ಮೆರವಣಿಗೆ ಕ್ಯಾಜ್‌ನ ಅಂಗಡಿಯೊಳಕ್ಕೇ ನುಗ್ಗಿತು. ಅವನು ಅಷ್ಟು ಗಾಳಿ ಹಬ್ಬಿಸಿದ್ದ. ಚೆಟ್ ಬಟ್ಟೆಯ ಮೇಲೆ ‘ಒಳಗೆ ಭರ್ಜರಿ ಸುದ್ದಿ’ ಅಂತ ಬರೆದು ಬಾಗಿಲಿಗೆ ತೂಗುಹಾಕಿದ್ದ. ಸ್ಟ್ಯಾಂಡಿನಲ್ಲಿ ವಾಬಲ್ ಗಿಡಿದು ತುಂಬಿತ್ತು, ಒಂದನ್ನೂ ಯಾರೂ ತೆರೆದಿರಲಿಲ್ಲ. ಕ್ಯಾಜ್ ಕೋಟು ಹಾಕಿಕೊಂಡು, ಕೂದಲಿಗೆ ಎಣ್ಣೆ ಬಳಿದುಕೊಂಡು ಕುರ್ಚಿ ಹತ್ತಿ ನಿಂತ.

ಆಗಲೇ ಡೊರೀನ್ ಬಂದಳು. ರಾಚೆಸ್ಟರಿನ ಬಸ್ಸಿಳಿದು ಪೆಟ್ಟಿಗೆ ಹಿಡಿದುಕೊಂಡೇ ಬಂದಿದ್ದಳು. ಬಾಗಿಲ ಮೇಲಿನ ಬಟ್ಟೆ ಓದಿದಳು. ನಿಧಾನಕ್ಕೆ ತಲೆಯ ಮೇಲಿನ ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡಳು.

“ಅಯ್ಯೋ ಚಿನ್ನ,” ಅಂದಳು ಕ್ಯಾಜ್‌ಗೆ. “ಯಾವಾಗ ಹೋಯ್ತು?”

“ಏನು ಹೋಯ್ತು?”

“ವಾಬಲ್. ತೀರಿಹೋಯ್ತಲ್ಲ.”

ಅಕಾರ್ಡಿಯನ್ ಗೊರಗೊರ ಅಂದು ನಿಂತಿತು.

“ಭರ್ಜರಿ ಸುದ್ದಿ ಅಂತ ಬರೆದಿದೆ ಡೊರೀನ್. ಕಣ್ಣು ಸರಿ ಇದೆ ತಾನೆ?” ಅಂದ ಕ್ಯಾಜ್.

“ಅದೇ ಹೇಳ್ತಿರೋದು. ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕಾಮಿಕ್ಸಿನ ಮೇಲೆ ಭರ್ಜರಿ ಸುದ್ದಿ ಅಂತ ಬಂತೂಂದ್ರೆ ಅದರ ಕತೆ ಮುಗೀತು. ಸುಖವಾಗಿದ್ದಾಗ ಯಾರು ಹಾಗೆಲ್ಲ ಕೂಗಿಕೊಳ್ತಾರೆ?”

“ಕಾರ್ಖಾನೆ ಮುಚ್ಚೋ ಮುಂಚೆ ನಮ್ಮ ಮ್ಯಾನೇಜರೂ ಅದೇ ಮಾತು ಹೇಳಿದ್ದ,” ಅಂದ ಚೆಟ್ ಮೆಲ್ಲಗೆ. “ಕೇಕು ಬೇರೆ ಕೊಟ್ಟಿದ್ದ.”

ಕ್ಯಾಜ್ ಒಪ್ಪಲಿಲ್ಲ. ಸ್ಟ್ಯಾಂಡಿನಿಂದ ಒಂದು ಪ್ರತಿ ಸೆಳೆದು ನಡುಪುಟ ತೆರೆದು ಜೋರಾಗಿ ಓದಿದ. ಮುಂದಿನ ವಾರದಿಂದ ನಿಮ್ಮ ಮೆಚ್ಚಿನ ವಾಬಲ್, ನಿಮ್ಮ ಮೆಚ್ಚಿನ ಕ್ಲಾಂಕ್ ಜೊತೆ ಸೇರುತ್ತದೆ, ಒಂದರಲ್ಲಿ ಎರಡು, ಎರಡರಲ್ಲಿ ಮಜಾ. ಅವನ ಮುಖ ಅರಳಿತು. “ನೋಡಿದ್ರಾ? ಸೇರ್ತಿದೆ. ಇನ್ನೂ ದೊಡ್ಡದಾಗ್ತಿದೆ.”

ಡೊರೀನ್ ಪೆಟ್ಟಿಗೆಯ ಮೇಲೆ ಕೂತಳು. “ಹಾಗಲ್ಲ ಚಿನ್ನ. ಒಂದು ಇನ್ನೊಂದನ್ನ ನುಂಗೋದು ಅದು. ಮೊದಲನೇ ವಾರ ‘ಕ್ಲಾಂಕ್ ಮತ್ತು ವಾಬಲ್’ ಅಂತ ಇಬ್ಬರ ಹೆಸರೂ ದಪ್ಪಕ್ಷರದಲ್ಲಿ ಬರುತ್ತೆ. ಒಂದು ತಿಂಗಳು ಬಿಟ್ಟು ನೋಡು, ವಾಬಲ್ ಅನ್ನೋದು ಇರುವೆ ಗಾತ್ರ ಆಗಿರುತ್ತೆ. ಬೇಸಿಗೆ ಹೊತ್ತಿಗೆ ಅದೂ ಇರಲ್ಲ. ನಾನು ಚಿಕ್ಕವಳಿದ್ದಾಗ ನನ್ನದೊಂದು ಕಾಮಿಕ್ಸ್ ಹೀಗೇ ಸಣ್ಣಗಾಗ್ತಾ ಹೋಯ್ತು. ಅಪ್ಪನ ಭೂತಗನ್ನಡಿ ಹಿಡ್ಕೊಂಡು ಹುಡುಕ್ತಿದ್ದೆ.”

“ಇಷ್ಟರಲ್ಲಿ ಅಲ್ಲಿ ಎರಡು ತಿಂಗಳಾಗಿರಬೇಕಲ್ಲ,” ಅಂದ ಟೂಲಿ. ಅವನು ಸಮವಸ್ತ್ರದಲ್ಲೇ ಬಂದಿದ್ದ. “ಅಂದ್ರೆ ನಾವು ಯಾವಾಗಲೋ ಸತ್ತದ್ದಕ್ಕೆ ಕುಣೀತಿದ್ವಾ?”

ಪುಟದ ಕೆಳಗೆ ಕ್ಲಾಂಕ್‌ಗೆ ಹೋಗುವವರ ಚಿತ್ರಗಳಿದ್ದವು. ಒಂದು ಕತ್ತೆ ಇತ್ತು, ಒಬ್ಬ ದಪ್ಪ ಅತ್ತೆ ಇದ್ದಳು. ಪ್ರೂನ್ ಮೇಷ್ಟ್ರು ಇರಲಿಲ್ಲ. ಕ್ಯಾಜ್ ಬೆರಳಿಟ್ಟು ಮತ್ತೆ ಹುಡುಕಿದ. ಆಮೇಲೆ ಕುರ್ಚಿಯಿಂದ ಇಳಿದು ಮೇಷ್ಟ್ರ ಪುಟ ತೆರೆದ. ಹಲ್ಲು ಎಂದಿನ ಹಾಗೆ ಓಡಿತ್ತು, ಮೇಷ್ಟ್ರು ಬೆನ್ನಟ್ಟಿದ್ದರು. ಆದರೆ ಕೊನೆಯ ಚಿತ್ರದಲ್ಲಿ ಹಲ್ಲು ಸಿಕ್ಕಿರಲಿಲ್ಲ. ಮೇಷ್ಟ್ರು ಬೊಚ್ಚುಬಾಯಲ್ಲಿ ಆಲೂಗಡ್ಡೆ ಗುಡ್ಡದ ಮುಂದೆ ಒಬ್ಬರೇ ಕೂತಿದ್ದರು. ಬಾಗಿಲಾಚೆ ಒಂದು ಸಣ್ಣ ಚುಕ್ಕೆ. ಅದೇ ಹಲ್ಲು.

ಕ್ಯಾಜ್ ಪುಸ್ತಕ ಮುಚ್ಚಿದ. ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಸಿಗರೇಟ್ ಡಬ್ಬಗಳ ಪಕ್ಕದ ಸ್ಟೂಲಿನ ಮೇಲೆ ಗೋಡೆ ಕಡೆ ತಿರುಗಿ ಕೂತುಬಿಟ್ಟ. ಡೊರೀನ್ ಮತ್ತು ಗುಂಪಿನಲ್ಲಿದ್ದ ಅವಳ ಗಂಡ ಎಡ್ಡಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೆ ಆ ಕೈ ಗೊತ್ತಿತ್ತು. ಕತೆ ಕೇಳಿ ಕೇಳಿ ಬರ್ನಿಸ್‌ಗೂ ಗೊತ್ತಿತ್ತು. ಕಣ್ಣಾರೆ ನೋಡಿದ್ದು ಮಾತ್ರ ಅವತ್ತೇ. ಕೈಯಲ್ಲಿದ್ದ ಮೊಗ್ಗಿನ ಕಡ್ಡಿ ಕೆಳಗಿಟ್ಟು ಸದ್ದಿಲ್ಲದೆ ಹಿಂದಿನ ಅಡುಗೆಮನೆಗೆ ಹೋದಳು.

ಸಾವಿನ ಮನೆಗೆ ಬಂದು ಬರಿಗೈಲಿ ಹೇಗೆ ಹೋಗುವುದು? ಚೆಟ್ ಮೊದಲು ಎದ್ದ, ಒಂದು ವಾಬಲ್ ತೆಗೆದುಕೊಂಡ, ಜನ್ಮದಲ್ಲಿ ಮೊದಲ ಸಲ ಗಲ್ಲಾದ ಮೇಲೆ ದುಡ್ಡಿಟ್ಟ. ಅವನ ಹಿಂದೆ ಟೂಲಿ. ಆಮೇಲೆ ಅಕಾರ್ಡಿಯನ್ನಿನವನು, ಮೆರವಣಿಗೆಯವರು, ಬಡಗಿ. ಒಬ್ಬೊಬ್ಬರೂ ಕ್ಯಾಜ್‌ನ ಬೆನ್ನು ತಟ್ಟುತ್ತಾ, ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ಗೋಡೆಯುದ್ದಕ್ಕೂ ನಿಂತರು. ಕ್ಯಾಜ್ ತಿರುಗಿ ನೋಡಲಿಲ್ಲ.

ಬರ್ನಿಸ್ ವಾಪಸ್ ಬಂದಾಗ ಕೈಯಲ್ಲಿ ಮನೆಯ ಅತಿ ದೊಡ್ಡ ತಟ್ಟೆ. ತಟ್ಟೆಯಲ್ಲಿ, ಪಿರೋಗಿಯೊಳಗೆ ತುಂಬಲು ಹಿಸುಕಿಟ್ಟಿದ್ದ ಆಲೂಗಡ್ಡೆಯ ಗುಡ್ಡ. ಗುಡ್ಡದ ತುಂಬ ಈಸ್ಟರಿನ ಕೆಲ್ಬಾಸಾ ಸಾಸೇಜುಗಳನ್ನು ನೆಟ್ಟಗೆ ನೆಟ್ಟಿದ್ದಳು. ತುದಿಯಲ್ಲಿ ಹಬ್ಬಕ್ಕೆ ತಂದ, ಬೆಣ್ಣೆಯಲ್ಲೇ ಮಾಡಿದ ಕುರಿಮರಿ ಕೂರಿಸಿದ್ದಳು, ಅದು ಬಿಸಿಗೆ ಆಗಲೇ ಮೊಣಕಾಲೂರಿತ್ತು. ಕ್ಯಾಜ್‌ನ ಮುಂದೆ ಇಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಸ್ಟ್ಯಾಂಡ್ ನೋಡು.”

ಕ್ಯಾಜ್ ನೋಡಿದ. ತಂತಿ ಮಾತ್ರ ಇತ್ತು.

“ಖಾಲಿ ಆಗಿದೆ. ಕಣ್ಣಾರೆ ನೋಡಿದೀನಿ. ನೀನು ಗೆದ್ದೆ. ಸಾಯೋ ತನಕ ಜಾಗ ನಿನ್ನದೇ.”

ಕ್ಯಾಜ್ ಬಾಯಿಂದ ಕೈ ತೆಗೆಯದೆಯೇ ಅಂದ, “ತಗೊಂಡು ಏನು ಮಾಡಲೇ? ಇಡೋಕೆ ಏನಿದೆ ಈಗ?”

ಬರ್ನಿಸ್ ಅಂಗಡಿಯವರನ್ನೆಲ್ಲ ಒಮ್ಮೆ ನೋಡಿದಳು, ಗಂಟಲು ಸರಿಮಾಡಿಕೊಂಡಳು. “ಎಲ್ಲರೂ ಕೇಳಿ. ನನ್ನ ಹತ್ತಿರ ಒಂದು ಭರ್ಜರಿ ಸುದ್ದಿ ಇದೆ.”

ಚೆಟ್ ಟೋಪಿ ತೆಗೆದ. ಡೊರೀನ್ ಮತ್ತೆ ಹ್ಯಾಟನ್ನು ಎದೆಗೆ ಹಿಡಿದಳು.

“ನಾಳೆಯಿಂದ ಈ ಅಂಗಡಿ ನನ್ನ ಪಿರೋಗಿ ಅಂಗಡಿ ಜೊತೆ ಸೇರುತ್ತೆ. ಒಂದರಲ್ಲಿ ಎರಡು.”

ಕ್ಯಾಜ್ ಹೆಂಡತಿಯನ್ನೇ ದಿಟ್ಟಿಸಿದ. ಅವನ ಗಂಟಲೊಳಗೆ ಏನೋ ಗೊರ್ ಅಂತು.

“ಬೋರ್ಡಿನ ಮೇಲೆ ನನ್ನ ಹೆಸರು ಎಷ್ಟು ದೊಡ್ಡದಿರುತ್ತೆ?” ಅಂದ.

“ಮೊದಲನೇ ತಿಂಗಳೋ, ಬೇಸಿಗೆ ಹೊತ್ತಿಗೋ?” ಅಂದಳು ಬರ್ನಿಸ್.

ಕೈ ಜಾರಿತು. ಕ್ಯಾಜ್ ನಕ್ಕ. ಲ್ಯಾಂಕಾಷೈರಿನಲ್ಲಿ ನಕ್ಕ ಹಾಗೆ, ಬಾಯಿ ಪೂರಾ ಬಿಟ್ಟು, ಸ್ಟೂಲು ಅಲುಗಾಡುವ ಹಾಗೆ. ಸೈನ್ಯದವರು ಕೊಟ್ಟ ಸೆಟ್ಟು ಅಷ್ಟು ನಗು ತಡೆದುಕೊಳ್ಳುವಂಥದ್ದಲ್ಲ. ಸಡಿಲವಾಯಿತು, ಮುಂದಕ್ಕೆ ಬಂತು, ಹಾರಿತು, ಆಲೂಗಡ್ಡೆ ಗುಡ್ಡದ ಮೇಲೆ ಬೆಣ್ಣೆಯ ಕುರಿಮರಿಯ ಪಕ್ಕ ಹೋಗಿ ಕೂತಿತು. ಒಂದು ಗಳಿಗೆ ಎಲ್ಲರೂ ಅದನ್ನೇ ನೋಡಿದರು. ಆಮೇಲೆ ಆಮ್ಹರ್ಸ್ಟ್ ಸ್ಟ್ರೀಟಿನ ಆ ಕೊನೆಯವರೆಗೂ ಕೇಳಿಸುವ ಹಾಗೆ ನಗೆ ಎದ್ದಿತು. ಟೂಲಿ ಗೋಡೆ ಹಿಡಿದುಕೊಂಡು ಕುಸಿದ.

“ಸಿಕ್ಕಿಬಿತ್ತು,” ಅಂದಳು ಡೊರೀನ್, ಕಣ್ಣೊರೆಸಿಕೊಳ್ಳುತ್ತಾ.

“ಮೇಜಿನ ಮೇಲೆ ಇಡಬೇಡ ಅಂತ ಹೇಳಿದ್ನೋ ಇಲ್ವೋ?” ಅಂದಳು ಬರ್ನಿಸ್. ಚಮಚದಲ್ಲಿ ಅದನ್ನು ಎತ್ತಿ ಗಂಡನ ಕೈಗೆ ಕೊಟ್ಟಳು.

ಅಮೆರಿಕದವರು ಇಂಗ್ಲೆಂಡಿನ ಕಾಮಿಕ್ಸು ಓದಲಿಕ್ಕೆ ಶುರು ಮಾಡಿದ್ದು, ನಮ್ಮ ಬೀದಿಯ ಮಟ್ಟಿಗಾದರೂ, ಅದರ ನಂತರವೇ. ಹೇಗೆ ಅಂತೀರಾ? ಪಿರೋಗಿ ಬೇಯಬೇಕು, ಆಮೇಲೆ ಈರುಳ್ಳಿ ಜೊತೆ ಬೆಣ್ಣೆಯಲ್ಲಿ ಹುರಿಯಬೇಕು. ಅಲ್ಲಿಯ ತನಕ ಸಾಲಿನಲ್ಲಿ ನಿಂತವನು ಏನು ಮಾಡಬೇಕು? ಕೈಗೆ ಸಿಕ್ಕಿದ್ದನ್ನು ಓದಬೇಕು. ಕ್ಯಾಜ್ ಹಳೆಯ ವಾಬಲ್‌ಗಳನ್ನು ದಾರದಿಂದ ಕೌಂಟರಿಗೆ ಕಟ್ಟಿಟ್ಟ, ಕ್ಲಾಂಕನ್ನೂ ತಂದ, ಇಂಗ್ಲೆಂಡಿನಲ್ಲಿ ಏನೇನು ಅಚ್ಚಾಗುತ್ತದೋ ಅದನ್ನೆಲ್ಲ ತಂದ. ಕೆಲವರು ಪಿರೋಗಿ ಬಂದರೂ ಪುಟ ಮುಗಿಯುವ ತನಕ ಕದಲುತ್ತಿರಲಿಲ್ಲ, ಹಿಂದಿನವರು ಮೊಣಕೈಯಲ್ಲಿ ತಿವಿಯುತ್ತಿದ್ದರು. ಪ್ರತಿ ಪುಟಕ್ಕೂ ಬೆಣ್ಣೆಯ ಬೆರಳಚ್ಚು. ಪ್ಲಾಸ್ಟಿಕ್ ಚೀಲದವರು ಬಂದು ನೋಡಿ ತಲೆ ಚಚ್ಚಿಕೊಂಡು, ಒಂದು ತಟ್ಟೆ ತಿಂದು ಹೋದರು. ‘ಪ್ರೂನ್ ಊಟ’ ಅಂತ ಕೇಳಿದರೆ ನೆಟ್ಟಗೆ ನಿಂತ ಸಾಸೇಜು ಸಿಗುತ್ತಿತ್ತು.

ಬೋರ್ಡನ್ನು ಚೆಟ್ ಬರೆದ: ‘ಬರ್ನಿಸ್ ಪಿರೋಗಿ ಮತ್ತು ಕ್ಯಾಜ್ ಕಾಮಿಕ್ಸ್’. ನಮ್ಮ ಊರಿನ ಹಿಮಕ್ಕೆ ಬಣ್ಣ ನಿಲ್ಲುವುದಿಲ್ಲ, ಪ್ರತಿ ವಸಂತಕ್ಕೂ ಹೊಸದಾಗಿ ಬಳಿಯಬೇಕು. ಆ ದಿನ ಕ್ಯಾಜ್ ರಸ್ತೆಯ ಆಚೆ ಬದಿಗೆ ಹೋಗಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ ತನ್ನ ಹೆಸರು ಅಳೆಯುತ್ತಿದ್ದ. ಹೆಂಡತಿಯ ಮೇಲೆ ಅವನಿಗೆ ನಂಬಿಕೆ ಇತ್ತು, ಡೊರೀನ್ ಹೇಳಿದ ಇರುವೆಯ ಮೇಲೆ ಇನ್ನೂ ಹೆಚ್ಚು ನಂಬಿಕೆ ಇತ್ತು.

“ಸಣ್ಣಗಾಗಿದೆ,” ಅನ್ನುತ್ತಿದ್ದ.

“ದೊಡ್ಡದಾಗಿದೆ ಕಣೋ ಬೆಪ್ಪುತಕ್ಕಡಿ,” ಅನ್ನುತ್ತಿದ್ದ ಏಣಿಯ ಮೇಲಿಂದ ಚೆಟ್. ನಿಜವಾಗಿಯೂ ದೊಡ್ಡದಾಗಿತ್ತು. ಪ್ರತಿ ವರ್ಷ ಬರ್ನಿಸ್ ಹಿಂಬಾಗಿಲಲ್ಲಿ ಚೆಟ್‌ನ ಕೈಗೆ ಒಂದು ತಟ್ಟೆ ಪಿರೋಗಿ ಕೊಟ್ಟು ಹೇಳುತ್ತಿದ್ದ ಮಾತು ಕ್ಯಾಜ್‌ಗೆ ಕೊನೆಯ ತನಕ ಗೊತ್ತಾಗಲಿಲ್ಲ.

ಒಂದು ಚಳಿಗಾಲ ಕ್ಯಾಜ್ ತೀರಿಹೋದ. ಕೌಂಟರಿನ ಹಿಂದೆ ಕೂತು, ಕ್ಲಾಂಕಿನ ದಪ್ಪ ಅತ್ತೆಯನ್ನು ನೋಡಿ ನಗುತ್ತಾ ಹೋದ. ಸೆಟ್ಟು ಗಲ್ಲಾಪೆಟ್ಟಿಗೆಯೊಳಗೆ ಸಿಕ್ಕಿತು. ಹಿಮ ಕರಗಿದ ಮೇಲೆ ಚೆಟ್ ಏಣಿ ಹೊತ್ತುಕೊಂಡು ಬಂದು ಬೋರ್ಡಿನ ಕೆಳಗೆ ನಿಂತ. ಹೇಗೆ ಕೇಳುವುದು ಅಂತ ತಿಳಿಯದೆ ಬ್ರಷ್ಷನ್ನು ಸುಮ್ಮನೆ ಒರೆಸುತ್ತಲೇ ಇದ್ದ.

“ಬರ್ನಿಸ್, ಇವನ ಹೆಸರು ಏನು ಮಾಡಲಿ?”

“ಇನ್ನೊಂದಿಷ್ಟು ದೊಡ್ಡದು ಮಾಡು.”

“ಜಾಗ ಇಲ್ವಲ್ಲ.”

“ನನ್ನದು ಸಣ್ಣ ಮಾಡು,” ಅಂದಳು ಬರ್ನಿಸ್. ಒಳಗೆ ಪಿರೋಗಿ ಉಕ್ಕಿ ಬರುತ್ತಿದ್ದದ್ದರಿಂದ ಅಷ್ಟೇ ಹೇಳಿ ಹೊರಟುಹೋದಳು.

ಈಗ ಹೊಸಬರು ಅದನ್ನು ಕಾಮಿಕ್ಸ್ ಅಂಗಡಿ ಅಂದುಕೊಂಡೇ ಒಳಗೆ ಬರುತ್ತಾರೆ. ಬರ್ನಿಸ್ ಪಿರೋಗಿ ಅನ್ನುವುದನ್ನು ಓದಬೇಕಾದರೆ ಬಾಗಿಲ ಹತ್ತಿರಕ್ಕೇ ಹೋಗಿ ಕನ್ನಡಕ ಹಾಕಿಕೊಳ್ಳಬೇಕು.